ಕಮ್ಯೂನಿಟಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಬೇಕು: ಇಲ್ಲಿ ಮತ್ತೆ ಓದಬೇಕಾ, ಎಂಎಸ್ಸಿ ಸಾಕಾ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಊರು ಸಕಲೇಶಪುರದ ಕಡೆ. ಹಾಸನದಲ್ಲಿ ಬಿಎಸ್ಸಿ ಪಿಸಿಎಂ, ಆಮೇಲೆ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಗಣಿತ. ಮದುವೆಗೆ ಮುಂಚೆ ಎರಡು ವರ್ಷ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಇಲ್ಲಿಗೆ ಬಂದು ಏಳು ವರ್ಷ ಆಯಿತು. ಮಗ ಈಗ ಒಂದನೇ ಕ್ಲಾಸು. ಹೋದ ತಿಂಗಳು ಎಚ್‌4 ಇಎಡಿ, ಅಂದರೆ ಗಂಡನ ವೀಸಾ ಮೇಲೆ ಬಂದವರಿಗೆ ಕೊಡುವ ಕೆಲಸದ ಅನುಮತಿ ಕೈಗೆ ಬಂತು.

ಪಕ್ಕದ ಮನೆ ಹುಡುಗಿ ಇಲ್ಲಿನ ಓಲೋನಿ ಕಾಲೇಜಿಗೆ ಹೋಗುತ್ತಾಳೆ. ಅದು ಕಮ್ಯೂನಿಟಿ ಕಾಲೇಜು, ಅಂದರೆ ಪದವಿಯ ಮೊದಲ ಎರಡು ವರ್ಷದ ಪಾಠ ನಡೆಯುವ ಸಾರ್ವಜನಿಕ ಕಾಲೇಜು. ಸ್ಟ್ಯಾಟಿಸ್ಟಿಕ್ಸ್ ಅರ್ಥ ಆಗಲ್ಲ ಅಂತ ಅಳುತ್ತಿದ್ದಳು. ವಾರಕ್ಕೆ ಎರಡು ಸಂಜೆ ನಮ್ಮ ಅಡುಗೆಮನೆ ಟೇಬಲ್‌ನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ. ಒಂದು ದಿನ "ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದ್ರೆ ಇಷ್ಟೇನಾ ಆಂಟಿ?" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮತ್ತೆ ಪಾಠ ಮಾಡಬೇಕು ಅನ್ನಿಸಿಬಿಟ್ಟಿದೆ.

ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮವರು ಡೇಟಾ ಸೈನ್ಸ್ ಮಾಡು ಅಂತಾರೆ. ಅತ್ತೆ ಬಿಎಡ್ ಮಾಡಿದ್ದರೆ ಚೆನ್ನಾಗಿತ್ತು ಅಂತಾರೆ. ಪಿಎಚ್‌ಡಿ ಇಲ್ಲದೆ ಕಾಲೇಜಿನ ಬಾಗಿಲು ತೆರೆಯೋದೇ ಇಲ್ಲ ಅಂತ ಗೆಳತಿ ಹೇಳುತ್ತಾಳೆ. ಯಾವುದು ನಿಜ? ಇಲ್ಲೇ ಇನ್ನೊಂದು ಮಾಸ್ಟರ್ಸ್ ಮಾಡಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಲೆಕ್ಕದ ಮೇಷ್ಟ್ರು:

ಮೇಡಂ, ನಾನು ಇಲ್ಲಿನ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ 14 ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಪಿಎಚ್‌ಡಿ ಬೇಡ. ಬಿಎಡ್ ಕೂಡ ಬೇಡ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡೋಕೆ ಇಲ್ಲಿ ಟೀಚಿಂಗ್ ಕ್ರೆಡೆನ್ಷಿಯಲ್, ಅಂದರೆ ರಾಜ್ಯ ಕೊಡುವ ಬೋಧನೆಯ ಪರವಾನಗಿ ಬೇಕು. ಕಮ್ಯೂನಿಟಿ ಕಾಲೇಜಿಗೂ ಹಿಂದೆ ಬೇಕಿತ್ತು. 1988ರ ಎಬಿ 1725 ಕಾನೂನು ಬಂದ ಮೇಲೆ ಅದು ಹೋಯಿತು. ಈಗ ನೋಡುವುದು ವಿಷಯದಲ್ಲಿ ಮಾಸ್ಟರ್ಸ್ ಇದೆಯಾ ಅಂತ.

ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ. ಎಲ್ಲಕ್ಕೂ ಸೇರಿ ಕನಿಷ್ಠ ಅರ್ಹತೆಯ ಒಂದೇ ಕೈಪಿಡಿ ಇದೆ. ಯಾವ ವಿಷಯಕ್ಕೆ ಯಾವ ಡಿಗ್ರಿ ಬೇಕು ಅಂತ ಅದರಲ್ಲಿ ಬರೆದಿದ್ದಾರೆ. ಗಣಿತಕ್ಕೆ ಗಣಿತ ಅಥವಾ ಅನ್ವಯಿಕ ಗಣಿತದಲ್ಲಿ ಮಾಸ್ಟರ್ಸ್ ಬೇಕು. ಅದಿಲ್ಲದಿದ್ದರೆ ಗಣಿತದಲ್ಲಿ ಬ್ಯಾಚುಲರ್ಸ್ ಇದ್ದು ಸ್ಟ್ಯಾಟಿಸ್ಟಿಕ್ಸ್, ಫಿಸಿಕ್ಸ್ ಅಥವಾ ಗಣಿತ ಶಿಕ್ಷಣದಲ್ಲಿ ಮಾಸ್ಟರ್ಸ್ ಇದ್ದರೂ ಆಗುತ್ತದೆ. ಗಣಿತ ಶಿಕ್ಷಣ ಅಂದೆ, ಗಮನಿಸಿ. ಬರೀ ಎಜುಕೇಷನ್ ಮಾಸ್ಟರ್ಸ್ ಮಾಡಿಕೊಂಡು ಬಂದು "ಗಣಿತಕ್ಕೆ ಯಾಕೆ ತಗೊಳ್ಳಲ್ಲ?" ಅಂತ ಕೇಳಿದವರನ್ನು ನೋಡಿದ್ದೇನೆ. ಪಾಪ, ದುಡ್ಡು ಕಟ್ಟುವ ಮುಂಚೆ ಯಾರೂ ಅವರಿಗೆ ಹೇಳಿರಲಿಲ್ಲ.

ನಿಮ್ಮ ಎಂಎಸ್ಸಿ ಇಲ್ಲಿನ ಮಾಸ್ಟರ್ಸ್‌ಗೆ ಸಮ ಅಂತ ವರದಿ ಬಂದರೆ ಕಾಗದದ ಲೆಕ್ಕ ಮುಗಿಯಿತು. ಡಬ್ಲ್ಯೂಇಎಸ್, ಇಸಿಇ ಥರದ ಸಂಸ್ಥೆಗಳು ಆ ವರದಿ ಕೊಡುತ್ತವೆ. ನೇಸಸ್ ಅನ್ನೋ ಒಕ್ಕೂಟದ ಸದಸ್ಯರ ಬಳಿಯೇ ಮಾಡಿಸಿ. ಒಂದೊಂದು ವಿಷಯವನ್ನೂ ಬಿಡಿಸಿ ತೋರಿಸುವ ಕೋರ್ಸ್ ಬೈ ಕೋರ್ಸ್ ವರದಿಯನ್ನೇ ಕೇಳಿ. ನಮ್ಮ ಮೂರು ವರ್ಷದ ಡಿಗ್ರಿ ಮತ್ತು ಎರಡು ವರ್ಷದ ಎಂಎಸ್ಸಿಯನ್ನು ಎಲ್ಲ ಸಂಸ್ಥೆಗಳೂ ಒಂದೇ ರೀತಿ ನೋಡುವುದಿಲ್ಲ. ನೀವು ಅರ್ಜಿ ಹಾಕಬೇಕು ಅಂದುಕೊಂಡ ಕಾಲೇಜು ಯಾರ ವರದಿ ಒಪ್ಪುತ್ತದೆ ಅಂತ ಮೊದಲೇ ಕೇಳಿಬಿಡಿ.

ಹೇಮಾವತಿ ದಂಡೆ:

ತುಂಬಾ ಧನ್ಯವಾದ ಸರ್. ಇವತ್ತು ಮನಸ್ಸು ಹಗುರ ಆಯಿತು. ಹಾಗಾದರೆ ಮತ್ತೆ ಓದೋದೇ ಬೇಡ ಅಂತೀರಾ?

ಲೆಕ್ಕದ ಮೇಷ್ಟ್ರು:

ಹಾಗಂತ ಹೇಳಲಿಲ್ಲ. ಅರ್ಹತೆ ಬೇರೆ, ತಯಾರಿ ಬೇರೆ. ರಾತ್ರಿ ಬಿಡುವಾಗಿ ಬರೆಯುತ್ತೇನೆ.

ಮಲೆನಾಡ ಮಳೆ:

ಮೇಷ್ಟ್ರು ಖಾಯಂ ಕೆಲಸದಲ್ಲಿದ್ದಾರೆ. ನಾನು ಪಾರ್ಟ್‌ಟೈಮ್ ಬದಿಯ ಮಾತು ಹೇಳುತ್ತೇನೆ. ಇದನ್ನು ತಿಳಿದೇ ಬರಬೇಕು.

ನಾನು ಆರು ವರ್ಷದಿಂದ ಅಡ್ಜಂಕ್ಟ್. ನಿಮಗೆ ಅರ್ಥ ಆಗುವ ಹಾಗೆ ಹೇಳಬೇಕು ಅಂದರೆ ನಮ್ಮೂರಿನ ಅತಿಥಿ ಉಪನ್ಯಾಸಕಿಯೇ. ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಕೆಲಸ. ಕ್ಲಾಸು ತುಂಬದಿದ್ದರೆ ರದ್ದು. ಕೊನೇ ವಾರದಲ್ಲಿ ಖಾಯಂ ಮೇಷ್ಟ್ರಿಗೆ ಕ್ಲಾಸು ಕಮ್ಮಿಯಾದರೆ ನಮ್ಮ ಕ್ಲಾಸು ಅವರಿಗೆ ಹೋಗುತ್ತದೆ. ಒಂದು ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಒಂದೇ ಆಡಳಿತದ ಕೆಳಗಿನ ಕಾಲೇಜುಗಳಲ್ಲಿ, ಪೂರ್ಣ ಕೆಲಸದ 67 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವ ಹಾಗಿಲ್ಲ ಅಂತ ಕಾನೂನೇ ಇದೆ. ಹಾಗಾಗಿ ಹೊಟ್ಟೆಪಾಡಿಗೆ ಎರಡು ಮೂರು ಕಡೆ ಓಡಬೇಕು. ಸೋಮವಾರ ಬೆಳಿಗ್ಗೆ ಫ್ರೀಮಾಂಟ್, ಮಧ್ಯಾಹ್ನ ಸ್ಯಾನ್ ಹೊಸೆ, ಸಂಜೆ ಹೇವರ್ಡ್. ನಮ್ಮನ್ನು ಇಲ್ಲಿ ಫ್ರೀವೇ ಫ್ಲೈಯರ್ ಅಂತಾರೆ. ನನ್ನ ಕಾರಿನ ಡಿಕ್ಕಿಯಲ್ಲಿ ಮೂರು ಚೀಲ ಇವೆ, ಒಂದೊಂದು ಕಾಲೇಜಿಗೆ ಒಂದೊಂದು. ಒಂದು ಕಾಲೇಜಿನ ಉತ್ತರ ಪತ್ರಿಕೆ ಇನ್ನೊಂದರ ಚೀಲಕ್ಕೆ ಸೇರಬಾರದು ಅಂತ ಬಣ್ಣ ಬೇರೆ ಬೇರೆ ಇಟ್ಟಿದ್ದೇನೆ.

ಪಾಠದ ಗಂಟೆಗೆ ಸಂಬಳ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ತಯಾರಿ, ತಿದ್ದುವುದು, ಮಕ್ಕಳ ಇಮೇಲ್‌ಗೆ ಉತ್ತರ, ಅದೆಲ್ಲ ಅದರೊಳಗೇ ಬಂತು. ಇನ್ನೊಂದು ಮಾಸ್ಟರ್ಸ್‌ಗೆ ದುಡ್ಡು ಸುರಿಯುವ ಮುಂಚೆ ಇದನ್ನು ಯೋಚಿಸಿ. ಅರ್ಹತೆ ಇದೆಯಲ್ವಾ, ಸುಮ್ನೆ ಅರ್ಜಿ ಹಾಕಿ. ಪಾರ್ಟ್‌ಟೈಮ್ ಪೂಲ್ ಅಂತ ಇರುತ್ತದೆ, ವರ್ಷವಿಡೀ ಅರ್ಜಿ ತಗೊಳ್ಳುತ್ತಾರೆ.

ಕೆಲಸ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೇ ಬಿಟ್ಟಿಲ್ಲ. ಕ್ಲಾಸಿನೊಳಗೆ ಕಾಲಿಟ್ಟರೆ ಆ ಒಂದೂವರೆ ಗಂಟೆ ಬೇರೆ ಏನೂ ನೆನಪಿರುವುದಿಲ್ಲ.

ಡಲ್ಲಾಸ್ ಕನ್ನಡಿಗ:

ಕ್ಯಾಲಿಫೋರ್ನಿಯಾ ಬಿಟ್ಟು ಬೇರೆ ಕಡೆ ಇರುವವರಿಗಾಗಿ ಬರೆಯುತ್ತಿದ್ದೇನೆ. ಟೆಕ್ಸಾಸ್‌ನಲ್ಲಿ ಲೆಕ್ಕ ಬೇರೆ. ದಕ್ಷಿಣದ ರಾಜ್ಯಗಳ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ಮಾರ್ಗಸೂಚಿ ಹೀಗಿದೆ: ಯಾವುದಾದರೂ ಮಾಸ್ಟರ್ಸ್ ಇರಬೇಕು, ಜೊತೆಗೆ ಪಾಠ ಮಾಡುವ ವಿಷಯದಲ್ಲಿ ಪದವಿಯ ಮೇಲಿನ ಮಟ್ಟದ 18 ಕ್ರೆಡಿಟ್ ಆಗಿರಬೇಕು. ಅಂದರೆ ಮೂರು ಕ್ರೆಡಿಟ್‌ನ ಆರು ಕೋರ್ಸ್.

ನನ್ನದು ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್. ಸಾಫ್ಟ್‌ವೇರ್ ಕೆಲಸದ ಜೊತೆ ಸಂಜೆ ಹೊತ್ತು ಗಣಿತದ ಆರು ಕೋರ್ಸ್ ಮಾಡಿದೆ. ಎರಡೂವರೆ ವರ್ಷ ಹಿಡಿಯಿತು. ಈಗ ವಾರಕ್ಕೆ ಎರಡು ಸಂಜೆ ಕಾಲೇಜ್ ಆಲ್ಜೀಬ್ರಾ ಪಾಠ ಮಾಡುತ್ತೇನೆ. ಎರಡನೇ ಮಾಸ್ಟರ್ಸ್ ಪೂರ್ತಿ ಮಾಡಬೇಕಾಗಲಿಲ್ಲ. ಒಂದು ಮಾತು, ಕೋರ್ಸ್ ಕೋಡ್ ನೋಡಿ ಸೇರಿ. ಕೆಲವು ಗಣಿತದ ಕೋರ್ಸ್‌ಗಳು ಎಜುಕೇಷನ್ ವಿಭಾಗದ ಕೋಡ್‌ನಲ್ಲಿ ಇರುತ್ತವೆ. ಅವನ್ನು ಆ 18ರಲ್ಲಿ ಸೇರಿಸುತ್ತಾರಾ ಅಂತ ಕಾಲೇಜಿನ ಹತ್ತಿರ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಲೆಕ್ಕದ ಮೇಷ್ಟ್ರು:

ಬಿಡುವಾಯಿತು. ಮಲೆನಾಡ ಮಳೆ ಅವರು ಹೇಳಿದ್ದು ಅಕ್ಷರ ಅಕ್ಷರವೂ ನಿಜ. ನಾನೂ ಐದು ವರ್ಷ ಹಾಗೇ ಓಡಾಡಿದ್ದೇನೆ. ಆದರೆ "ಸುಮ್ನೆ ಅರ್ಜಿ ಹಾಕಿ" ಅನ್ನೋದನ್ನು ನಾನು ಒಪ್ಪಲ್ಲ. ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ.

ನಾನು ಹೊಸದಾಗಿ ಸೇರಿದ್ದೆ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸು. ಒಬ್ಬ ಹುಡುಗ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಅದೇ ಸಮವಸ್ತ್ರದಲ್ಲಿ ಬರುತ್ತಿದ್ದ. ಕ್ವಿಜ್‌ನಲ್ಲಿ 1/2 + 1/3 = 2/5 ಅಂತ ಬರೆದಿದ್ದ. ನಮ್ಮೂರಿನ ಮೇಷ್ಟ್ರ ಅಭ್ಯಾಸ ನನ್ನದು. ಕೆಂಪು ಗೆರೆ ಎಳೆದು, ಛೇದ ಸಮ ಮಾಡುವ ಕ್ರಮ ಪಕ್ಕದಲ್ಲಿ ಬರೆದುಕೊಟ್ಟೆ. ಮುಂದಿನ ವಾರ ಮತ್ತೆ 2/5. ಆಗ ಕರೆದು ಕೇಳಿದೆ, ಇದು ಹೇಗೆ ಬಂತು ಹೇಳಪ್ಪ ಅಂತ. ಅವನು ಹೇಳಿದ: "ಸೋಮವಾರ ಎರಡು ಪ್ರಶ್ನೆಯಲ್ಲಿ ಒಂದು ಸರಿ ಮಾಡಿದೆ. ಬುಧವಾರ ಮೂರರಲ್ಲಿ ಒಂದು. ಒಟ್ಟು ಐದರಲ್ಲಿ ಎರಡು ಅಲ್ವಾ?"

ಅವನ ಲೆಕ್ಕ ಸರಿಯಾಗೇ ಇತ್ತು! ಅದು ಬೇರೆ ಪ್ರಶ್ನೆಗೆ ಉತ್ತರ, ಅಷ್ಟೇ. ಅವನು ಎರಡು ಗುಂಪನ್ನು ಒಂದು ಮಾಡುತ್ತಿದ್ದ, ನಾನು ಒಂದೇ ರೊಟ್ಟಿಯ ಎರಡು ತುಂಡು ಕೂಡಿಸುತ್ತಿದ್ದೆ. ಎಂಎಸ್ಸಿಯಲ್ಲಿ ನಾನು ಟೋಪಾಲಜಿ ಓದಿದ್ದೆ, ಮೆಷರ್ ಥಿಯರಿ ಓದಿದ್ದೆ. ಆ ಹುಡುಗನ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ಕೇಳಿ ತಿಳಿಯೋದನ್ನು ಯಾರೂ ಕಲಿಸಿರಲಿಲ್ಲ. ಆಮೇಲೆ ನಾನು ಗಣಿತ ಶಿಕ್ಷಣದ ಎರಡು ಕೋರ್ಸ್ ಮಾಡಿದೆ. ಮಕ್ಕಳ ತಪ್ಪನ್ನು ಓದುವುದನ್ನು ಅಲ್ಲಿ ಕಲಿತೆ.

ಇನ್ನೊಂದು ಕಾರಣವೂ ಇದೆ. 2017ರಲ್ಲಿ ಎಬಿ 705 ಕಾನೂನು ಬಂತು, 2022ರಲ್ಲಿ ಅದರ ಮುಂದುವರಿಕೆ ಎಬಿ 1705. ಮೊದಲು ಲೆಕ್ಕದಲ್ಲಿ ಹಿಂದಿದ್ದ ಮಕ್ಕಳನ್ನು ಕೆಳಗಿನ ಕ್ಲಾಸುಗಳಲ್ಲಿ ಎರಡು ಮೂರು ಸೆಮಿಸ್ಟರ್ ಕೂರಿಸುತ್ತಿದ್ದರು. ಎಷ್ಟೋ ಮಕ್ಕಳು ಅಲ್ಲೇ ಕಾಲೇಜು ಬಿಡುತ್ತಿದ್ದರು. ಈಗ ಬಹುಪಾಲು ಮಕ್ಕಳು ನೇರವಾಗಿ, ಮುಂದೆ ವಿಶ್ವವಿದ್ಯಾಲಯವೂ ಒಪ್ಪಿಕೊಳ್ಳುವ ಮಟ್ಟದ ಕ್ಲಾಸಿಗೇ ಬರುತ್ತಾರೆ. ಬೇಕಾದವರಿಗೆ ಅದರ ಜೊತೆಗೇ ಬೆಂಬಲದ ಕ್ಲಾಸು. ಹಾಗಾಗಿ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಕ್ಯಾಲ್ಕುಲಸ್ ಮುಗಿಸಿದವರ ಪಕ್ಕದಲ್ಲೇ ಭಿನ್ನರಾಶಿ ಮರೆತವರು ಕೂತಿರುತ್ತಾರೆ. ಈ ಕ್ಲಾಸನ್ನು ನಡೆಸೋದಕ್ಕೆ ತಯಾರಿ ಬೇಕೇ ಬೇಕು.

ಮೇಡಂ, ಎಂಎಸ್ಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಷ್ಟು ಓದಿದ್ದೀರಿ?

ಹೇಮಾವತಿ ದಂಡೆ:

ನಿಜ ಹೇಳಬೇಕು ಅಂದರೆ ಒಂದೂ ಪೇಪರ್ ಇಲ್ಲ ಸರ್. ಬಿಎಸ್ಸಿಯಲ್ಲಿ ಸ್ವಲ್ಪ ಪ್ರಾಬಬಿಲಿಟಿ ಮಾತ್ರ. ಪಕ್ಕದ ಮನೆ ಹುಡುಗಿಗೆ ಹೇಳಿಕೊಡುವ ಮುಂಚೆ ನಾನು ರಾತ್ರಿ ಕೂತು ಓದಿಕೊಳ್ಳುತ್ತಿದ್ದೆ. ಓಪನ್‌ಸ್ಟ್ಯಾಕ್ಸ್‌ನ ಉಚಿತ ಪುಸ್ತಕ ಇದೆಯಲ್ಲ, ಅದನ್ನು.

ಲೆಕ್ಕದ ಮೇಷ್ಟ್ರು:

ಹಾಗಾದರೆ ನನ್ನ ಸಲಹೆ ಇಷ್ಟು. ಮೊದಲು ಓಲೋನಿಯಲ್ಲೇ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ನೀವೇ ವಿದ್ಯಾರ್ಥಿನಿಯಾಗಿ ಸೇರಿ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ನಾಲ್ಕು ಯೂನಿಟ್‌ನ ಕ್ಲಾಸಾದರೆ 184 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ. ಎಚ್‌4 ಇದ್ದವರೂ ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದು, ಅಡ್ಮಿಷನ್ ಆಫೀಸಿನಲ್ಲಿ ವಿಚಾರಿಸಿ. ಹಿಂದಿನ ಬೆಂಚಿನಲ್ಲಿ ಕೂತು ಪಾಠಕ್ಕಿಂತ ಜಾಸ್ತಿ ಮಕ್ಕಳನ್ನು ನೋಡಿ.

ಆಮೇಲೆ ಓದಬೇಕು ಅನ್ನಿಸಿದರೆ ಸ್ಟೇಟ್ ಯೂನಿವರ್ಸಿಟಿ ಆರಿಸಿ. ಸ್ಯಾನ್ ಹೊಸೆ ಸ್ಟೇಟ್‌ನಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್ ಎರಡರಲ್ಲೂ ಮಾಸ್ಟರ್ಸ್ ಇದೆ. ದಕ್ಷಿಣದಲ್ಲಿ ಇರುವವರಿಗೆ ಫುಲ್ಲರ್ಟನ್‌ನಲ್ಲಿ ಗಣಿತ ಎಂಎಗೆ ಬೋಧನೆಯದೇ ಒಂದು ವಿಭಾಗ ಇದೆ. ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಓದುತ್ತಲೇ ಪಾಠ ಮಾಡುವ ಟೀಚಿಂಗ್ ಅಸೋಸಿಯೇಟ್ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಅದರಲ್ಲಿ ಬರೀ ಪೇಪರ್ ತಿದ್ದುವುದಲ್ಲ, ಒಂದು ಸೆಕ್ಷನ್ ಪೂರ್ತಿ ನಿಮ್ಮ ಕೈಗೇ ಬರುತ್ತದೆ. ಸಂಬಳವೂ ಉಂಟು. ಆಯ್ಕೆ ಸಮಿತಿಯಲ್ಲಿ ಕೂತಾಗ ನಾನು ಅರ್ಜಿಯಲ್ಲಿ ಮೊದಲು ಹುಡುಕೋದೇ ಅದನ್ನು.

ಜೋಳದ ರೊಟ್ಟಿ:

ಇದಕ್ಕೆ ನಾನು ಸಾಕ್ಷಿ. ನಾನು ಇಂಗ್ಲಿಷ್ ಕಡೆಯವಳು. ಧಾರವಾಡದಲ್ಲಿ ಎಂಎ ಮಾಡಿದ್ದೆ. ವರದಿ ಬಂತು, ಅರ್ಹತೆ ಇದೆ ಅಂದರು. ಎರಡು ವರ್ಷ ಅರ್ಜಿ ಹಾಕಿದೆ, ಒಂದೂ ಕರೆ ಬರಲಿಲ್ಲ. ನಾನು ಓದಿದ್ದು ಷೇಕ್ಸ್‌ಪಿಯರ್, ಮಿಲ್ಟನ್. ಇಲ್ಲಿ ಮೊದಲ ವರ್ಷದ ಮಕ್ಕಳಿಗೆ ಬೇಕಿರುವುದು ಒಂದು ಪ್ರಬಂಧವನ್ನು ಬರೆದು, ತಿದ್ದಿ, ಮತ್ತೆ ಬರೆಯುವುದು. ಅದನ್ನು ಕಲಿಸೋದೇ ಇಲ್ಲಿ ಒಂದು ಶಾಸ್ತ್ರ ಅಂತ ನನಗೆ ಗೊತ್ತೇ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ ಇಂಗ್ಲಿಷ್ ಕಾಂಪೊಸಿಷನ್ ಎಂಎ ಮಾಡಿದೆ. ಓದುತ್ತಿರುವಾಗಲೇ ಕ್ಲಾಸ್ ಸಿಕ್ಕಿತು. ಮುಗಿಸಿದ ಆರು ತಿಂಗಳಿಗೆ ಪಾರ್ಟ್‌ಟೈಮ್ ಕೆಲಸ ಬಂತು.

ಟ್ರಾನ್ಸ್‌ಕ್ರಿಪ್ಟ್ ವಿಷಯ ಒಂದು ಹೇಳಲೇಬೇಕು. ನಮ್ಮ ವಿಶ್ವವಿದ್ಯಾಲಯದಿಂದ ಸೀಲ್ ಮಾಡಿದ ಲಕೋಟೆ ಹೊರಡೋಕೆ ನಾಲ್ಕು ತಿಂಗಳು ಹಿಡಿಯಿತು. ನನ್ನ ತಮ್ಮ ಮೂರು ಸಲ ಬಸ್ಸಿನಲ್ಲಿ ಹೋಗಿ ಕೌಂಟರ್ ಮುಂದೆ ನಿಂತ. ಊರಿನಲ್ಲಿ ಯಾರಾದರೂ ಇದ್ದರೆ ಇವತ್ತೇ ಆ ಕೆಲಸ ಶುರು ಮಾಡಿಸಿ ಅಕ್ಕ. ಎಲ್ಲ ಸೆಮಿಸ್ಟರ್ ಅಂಕಪಟ್ಟಿಯ ಒಳ್ಳೆ ಪ್ರತಿ ಇಟ್ಟುಕೊಳ್ಳಿ.

ಹೊಸ ಎಫ್‌1:

ನಾನು ಓಹಾಯೋದಲ್ಲಿ ಗಣಿತ ಮಾಸ್ಟರ್ಸ್ ಓದುತ್ತಿದ್ದೇನೆ. ನನಗೂ ಇದೇ ಆಸೆ. ವೀಸಾ ಹೇಗೆ ಅಂತ ಯಾರಾದರೂ ಹೇಳ್ತೀರಾ?

ಮಲೆನಾಡ ಮಳೆ:

ಒಪಿಟಿ ಅಂದರೆ ಓದು ಮುಗಿಸಿದ ವಿದ್ಯಾರ್ಥಿಗೆ ಸಿಗುವ ಕೆಲಸದ ಅನುಮತಿ. ಅದರ 12 ತಿಂಗಳಲ್ಲಿ ಪಾರ್ಟ್‌ಟೈಮ್ ಪಾಠ ಮಾಡಬಹುದು. ಗಣಿತ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಗುಂಪಿಗೆ ಸೇರಿದ್ದರಿಂದ ಇನ್ನೂ 24 ತಿಂಗಳ ಅವಕಾಶ ಇದೆ, ಆದರೆ ಅದರ ನಿಯಮಗಳು ಬಿಗಿ. ಒಂದೇ ಕಡೆ ವಾರಕ್ಕೆ 20 ಗಂಟೆಯಾದರೂ ಕೆಲಸ ತೋರಿಸಬೇಕು. ಒಂದೆರಡು ಕ್ಲಾಸಿನ ಅಡ್ಜಂಕ್ಟ್ ಕೆಲಸದಲ್ಲಿ ಅದು ಕಷ್ಟ. ಪಾರ್ಟ್‌ಟೈಮ್‌ನವರಿಗೆ ಕಾಲೇಜುಗಳು ಎಚ್‌1ಬಿ ಮಾಡಿಸಿದ್ದನ್ನು ನಾನು ನೋಡಿಲ್ಲ. ಖಾಯಂ ಕೆಲಸ ಸಿಕ್ಕರೆ ಮಾತು ಬೇರೆ. ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಆಫೀಸಿನಲ್ಲಿ ಕೂತು ಮಾತಾಡಿ ತಮ್ಮಾ, ಇಲ್ಲಿ ಓದಿ ತೀರ್ಮಾನ ಮಾಡಬೇಡಿ.

ಮೇಷ್ಟ್ರೇ, ನಿಮ್ಮ 2/5 ಕತೆ ಓದಿ ನಾನು ಮಾತು ಬದಲಿಸುತ್ತೇನೆ. ನನಗೆ ಆ ತಯಾರಿ ಇರಲಿಲ್ಲ. ಮೊದಲ ಎರಡು ವರ್ಷ ನನ್ನ ಕ್ಲಾಸಿನಿಂದ ಮಕ್ಕಳು ಅರ್ಧಕ್ಕೇ ಹೋಗುತ್ತಿದ್ದರು. ಅವರು ಓದಲ್ಲ ಅಂತ ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಅವರನ್ನು ನಾನು ಕೇಳಲೇ ಇಲ್ಲ.

ಹೇಮಾವತಿ ದಂಡೆ (ಏಳು ತಿಂಗಳ ನಂತರ):

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಅಂತ ಹೇಳದೆ ಇರಬಾರದು ಅಂತ ಬಂದೆ.

ವರದಿ ಬಂತು. ಮಾಸ್ಟರ್ಸ್‌ಗೆ ಸಮ ಅಂತಲೇ ಬರೆದಿದ್ದಾರೆ. ಮಾವ ಮೈಸೂರಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟ್ ಮಾಡಿಸಿಕೊಟ್ಟರು.

ಓಲೋನಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ಸೇರಿದೆ. ನನ್ನ ಎಡಗಡೆ ಹೈಸ್ಕೂಲ್ ಓದುತ್ತಲೇ ಕಾಲೇಜಿನ ಕ್ಲಾಸು ತಗೊಂಡ ಹದಿನಾರರ ಹುಡುಗ. ಬಲಗಡೆ ಸೈನ್ಯದಿಂದ ಬಂದ ನಲವತ್ತು ದಾಟಿದವರು. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗುವಿನ ಡೇಕೇರ್‌ನಿಂದ ಫೋನ್ ಬಂದರೆ ಅಂತ ಮೊಬೈಲನ್ನು ತೊಡೆ ಮೇಲೆ ಮಗುಚಿಟ್ಟುಕೊಂಡಿರುತ್ತಿದ್ದರು. ನಮ್ಮೂರಿನ ಕ್ಲಾಸಿನಲ್ಲಿ ಎಲ್ಲರೂ ಒಂದೇ ವಯಸ್ಸು, ಒಂದೇ ಸಿಲಬಸ್ ಓದಿ ಬಂದವರು. ನಾನು ಬೋರ್ಡ್ ಕಡೆ ತಿರುಗಿ ಪ್ರಮೇಯ ಬರೆದರೆ ಅವರು ಬರೆದುಕೊಳ್ಳುತ್ತಿದ್ದರು. ಇಲ್ಲಿ ಹಾಗೆ ಮಾಡಿದ್ದರೆ ಹತ್ತು ನಿಮಿಷಕ್ಕೆ ಅರ್ಧ ಕ್ಲಾಸು ನನ್ನ ಕೈ ತಪ್ಪುತ್ತಿತ್ತು. ಅದೇ ಸೆಮಿಸ್ಟರ್‌ನಲ್ಲಿ ಟ್ಯೂಟರಿಂಗ್ ಸೆಂಟರ್‌ನಲ್ಲೂ ಕೆಲಸ ಸಿಕ್ಕಿತು.

ಒಂದು ಕಡೆ ಪಾರ್ಟ್‌ಟೈಮ್ ಸಂದರ್ಶನಕ್ಕೂ ಹೋಗಿದ್ದೆ. ಹದಿನೈದು ನಿಮಿಷದ ಪಾಠ, ವಿಷಯ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಒಂದು ಸ್ಯಾಂಪಲ್ ನೋಡಿ ಇಡೀ ಗುಂಪಿನ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಅಂದಾಜು ಮಾಡುವುದು. ಸೂತ್ರ ಬರೆದು ಲೆಕ್ಕ ಮಾಡಿ ತೋರಿಸಿದೆ. ಸಮಿತಿಯಲ್ಲಿ ಒಬ್ಬರು ವಿದ್ಯಾರ್ಥಿಯ ಹಾಗೆ ಕೇಳಿದರು: "95 ಪರ್ಸೆಂಟ್ ಅಂದರೆ ಸರಾಸರಿ ಇದರೊಳಗೆ ಇರುವ ಸಾಧ್ಯತೆ 95 ಅಂತ ತಾನೇ?" ನಾನು ಹೌದು ಅಂದುಬಿಟ್ಟೆ. ಆ ಕೆಲಸ ಸಿಗಲಿಲ್ಲ.

ಮನೆಗೆ ಬಂದು ತುಂಬಾ ಬೇಜಾರಾಗಿತ್ತು. ಆದರೆ ಉತ್ತರ ಸಿಕ್ಕಿತು, ನಾನು ಓದಬೇಕು. ಸ್ಟೇಟ್ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಮಾಸ್ಟರ್ಸ್‌ಗೆ ಸೇರಿದ್ದೇನೆ. ನಮ್ಮವರು ಸಂಜೆ ಮಗನನ್ನು ನೋಡಿಕೊಳ್ಳುತ್ತಾರೆ.

ಲೆಕ್ಕದ ಮೇಷ್ಟ್ರು:

ಮೇಡಂ, ಆ ಪ್ರಶ್ನೆಗೆ ಹೌದು ಅನ್ನುವವರು ತುಂಬಾ ಜನ. ಇಡೀ ಗುಂಪಿನ ಸರಾಸರಿ ಇದ್ದಲ್ಲೇ ಇರುತ್ತದೆ, ಅಲುಗಾಡೋದು ನಮ್ಮ ಇಂಟರ್ವಲ್. ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಇಂಟರ್ವಲ್ ಕಟ್ಟುತ್ತಾ ಹೋದರೆ ನೂರಕ್ಕೆ ಸುಮಾರು 95 ಸಲ ಅದು ಸರಾಸರಿಯನ್ನು ಒಳಗೊಳ್ಳುತ್ತದೆ. ಗೋಡೆಗೆ ಒಂದು ಮೊಳೆ ಹೊಡೆದು, ದೂರದಿಂದ ಬಳೆ ಎಸೆದು ತೋರಿಸಿ. ಮೊಳೆ ಅಲ್ಲೇ ಇರುತ್ತದೆ. ನಾನು ಕ್ಲಾಸಿನಲ್ಲಿ ಹಾಗೇ ಮಾಡುತ್ತೇನೆ.

ಹೇಮಾವತಿ ದಂಡೆ (ಮತ್ತೆ ಒಂದು ವರ್ಷದ ನಂತರ):

ಮೇಷ್ಟ್ರೇ, ಅಕ್ಕಂದಿರೇ, ಟೀಚಿಂಗ್ ಅಸೋಸಿಯೇಟ್ ಆಗಿ ಒಂದು ಸೆಕ್ಷನ್ ಸಿಕ್ಕಿದೆ. ಮೊನ್ನೆ ಮೊದಲ ಕ್ಲಾಸು. ಮೂವತ್ತೆರಡು ಜನ. ಹೆಸರು ಕರೆಯುವಾಗ ಕೈ ನಡುಗುತ್ತಿತ್ತು. ಹಾಜರಿ ಮುಗಿಸಿ ನಿಮ್ಮ 1/2 + 1/3 ಬೋರ್ಡ್ ಮೇಲೆ ಬರೆದೆ. ಯಾರಿಗೂ ಸರಿ ತಪ್ಪು ಹೇಳಲ್ಲ, ನಿಮಗೆ ಉತ್ತರ ಹೇಗೆ ಬಂತು ಅಂತ ಪಕ್ಕದವರಿಗೆ ಹೇಳಿ ಅಂದೆ. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಇಡೀ ರೂಮು ಮಾತಾಡೋಕೆ ಶುರು ಮಾಡಿತು.

ಇಬ್ಬರು 2/5 ಬರೆದಿದ್ದರು. ಅದರಲ್ಲಿ ಒಬ್ಬರು ಕ್ಲಾಸು ಮುಗಿದ ಮೇಲೆ ಬಂದು, ನಾಳೆ ನಿಮ್ಮ ಆಫೀಸ್ ಅವರ್‌ಗೆ ಬರಬಹುದಾ ಅಂತ ಕೇಳಿದರು. ಬನ್ನಿ ಅಂದೆ. ನಾಳೆ ಎರಡು ಗಂಟೆಗೆ ಬರುತ್ತಾರೆ. ಬಳೆ ತಗೊಂಡು ಹೋಗುತ್ತಿದ್ದೇನೆ.